ಬೆಳಕು ಮೊದಲು ಬಂದ ನೆಲದ ಪ್ರಶ್ನೆ

ಶುದ್ಧ ವಿದ್ಯುತ್ತಿನ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಅದು ಹೊಸದಲ್ಲ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ, ಶಿವನಸಮುದ್ರದಲ್ಲಿ ಕಾವೇರಿಯ ಜಲಬಲದಿಂದ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ಹರಿದು ಕೆಜಿಎಫ್ ತಲುಪಿತು. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಆದರೆ ಆ ವಿದ್ಯುತ್ತನ್ನು ತಂದದ್ದು ಗಣಿಯ ಯಂತ್ರಗಳಿಗಾಗಿಯೇ ಹೊರತು ಗಣಿಗಿಳಿದ ಕಾಯಕಜೀವಿಗಳ ಮನೆಗಳಿಗಾಗಿ ಅಲ್ಲ.

2001ರಲ್ಲಿ ಗಣಿ ಮುಚ್ಚಿತು. ಬೆಳಕು ಯಾರಿಗೆ ಎಂಬ ಪ್ರಶ್ನೆ ಮಾತ್ರ ಉಳಿದಿದೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ಚಾವಣಿಯ ಸೌರಫಲಕಗಳಿಗೆ ಗರಿಷ್ಠ 78,000 ರೂಪಾಯಿ ಸಹಾಯಧನ ನೀಡುತ್ತದೆ. ಅದನ್ನು ಪಡೆಯಲು ಸ್ವಂತ ಮನೆಯಿರಬೇಕು. ಗಣಿ ಕಂಪನಿಯ ವಸತಿಗಳಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದರೂ ಹಕ್ಕುಪತ್ರವಿಲ್ಲದ ಕುಟುಂಬಕ್ಕೆ ಈ ನೆರವು ದೊರೆಯುವುದೆಂತು?

ವಿದ್ಯುತ್ ವಿತರಣೆ ಬೆಸ್ಕಾಂನ ಹೊಣೆ. ಕೆಜಿಎಫ್ ನಗರಸಭೆ ಹಾಗೂ ಬಂಗಾರಪೇಟೆ ಪುರಸಭೆಗಳ ಕೈಯಲ್ಲಿರುವುದು ಬೀದಿದೀಪ, ನೀರೆತ್ತುವ ಪಂಪು ಮತ್ತು ತಮ್ಮದೇ ಕಟ್ಟಡಗಳು. ಆರಂಭಕ್ಕೆ ಅಷ್ಟು ಸಾಕು. ಎಲ್ಇಡಿ ದೀಪಗಳಿಂದಲೂ ಸಾರ್ವಜನಿಕ ಚಾವಣಿಗಳ ಸೌರಫಲಕಗಳಿಂದಲೂ ವಿದ್ಯುತ್ ಬಿಲ್ಲಿನಲ್ಲಿ ಉಳಿಯುವ ಹಣವನ್ನು ಕಾರ್ಮಿಕ ಕಾಲೋನಿಗಳ ನೀರು, ದೀಪಗಳಿಗೆ ಮೀಸಲಿಡಬಹುದು. ಹಕ್ಕುಪತ್ರದ ವಿಷಯವನ್ನು ಸರ್ಕಾರವೇ ಇತ್ಯರ್ಥಪಡಿಸಬೇಕು.

ತಮ್ಮ ಊರಿನ ಬೀದಿದೀಪ ಹಾಗೂ ಪಂಪುಗಳ ವಾರ್ಷಿಕ ವಿದ್ಯುತ್ ವೆಚ್ಚವೆಷ್ಟು, ಅದರಲ್ಲಿ ಉಳಿತಾಯವಾದುದು ಯಾರಿಗೆ ಸಂದಿತು ಎಂದು ಭಕ್ತರು ಸ್ಥಳೀಯ ಸಂಸ್ಥೆಯನ್ನು ಕೇಳಬೇಕೆಂಬುದು ನಮ್ಮ ವಿನಂತಿ. ದುಡಿದವರ ಮನೆಗೂ ತಲುಪಿದಾಗಲೇ ಆ ಬೆಳಕು ಶುದ್ಧವೆಂದು ನಾವು ಭಾವಿಸುತ್ತೇವೆ.