ಪಾಕದ ಹದ

ಕಳೆದ ದೀಪಾವಳಿಯ ಮುನ್ನಾದಿನ ನಮ್ಮ ಮನೆಯ ಕೊಬ್ಬರಿ ಮಿಠಾಯಿ ಕಲ್ಲಾಯಿತು. ಅಪರಾಧ ನನ್ನದೇ. ತಾಯಿಯವರಿಗೆ ವಯಸ್ಸಾಗಿ ಕೈ ನಡುಗತೊಡಗಿದೆ. ಪಾಕದ ಕಾವು ಕುದಿನೀರಿನದಕ್ಕಿಂತ ಹೆಚ್ಚು. ಮೈಗೆ ಸಿಡಿದರೆ ಅಂಟಿಕೊಂಡೇ ಸುಡುತ್ತದೆ. ಅವರು ಒಲೆಯ ಬಳಿ ನಿಲ್ಲುವುದು ಬೇಡವೆಂದು ನಾನೊಂದು ಉಷ್ಣಮಾಪಕವನ್ನು ಕೊಂಡುತಂದೆ. ಪಾಕಶಾಸ್ತ್ರದ ಪುಸ್ತಕವೊಂದು ಉಂಡೆಪಾಕಕ್ಕೆ 115 ಡಿಗ್ರಿ ಸೆಂಟಿಗ್ರೇಡ್ ಎಂದಿತ್ತು.

“ಹಾಗಾದರೆ ಇನ್ನು ನಾನೇಕೆ ಮಗಾ?” ಎಂದು ತಾಯಿಯವರು ನಗುತ್ತ ಹೊರಗೆ ಹೋದರು. ಆ ಮಾತಿನಲ್ಲಿ ಬರಿಯ ನಗೆಯಷ್ಟೇ ಇರಲಿಲ್ಲವೆಂಬುದು ಮಿಠಾಯಿ ಕೆಟ್ಟ ಮೇಲೆ ನನಗೆ ಹೊಳೆಯಿತು.

ಪುಸ್ತಕ ಸುಳ್ಳು ಹೇಳಿರಲಿಲ್ಲ. ಆವಿಯ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ. ಸಕ್ಕರೆ ಕರಗಿದರೆ ಆವಿಯ ಒತ್ತಡ ತಗ್ಗುತ್ತದೆ. ಕುದಿಯಲು ಹೆಚ್ಚು ಕಾವು ಬೇಕಾಗುತ್ತದೆ. ಈ ತಗ್ಗುವಿಕೆಯ ನಿಯಮವನ್ನು ಫ್ರಾನ್ಸಿನ ರೌಲ್ಟ್ ಎಂಬ ವಿಜ್ಞಾನಿ 1887ರಲ್ಲಿ ನಿರೂಪಿಸಿದನು. ಪಾಕ ಕುದಿದಂತೆಲ್ಲ ನೀರು ಆವಿಯಾಗಿ ಹೋಗಿ ಸಕ್ಕರೆಯ ಪಾಲು ಏರುತ್ತದೆ. ಅದರೊಡನೆ ಕುದಿಯುವ ಕಾವೂ ಏರುತ್ತದೆ. ಆದ್ದರಿಂದ ಪಾಕದ ಕಾವನ್ನು ಅಳೆದರೆ ಸಕ್ಕರೆಯ ಪಾಲನ್ನು ಅಳೆದಂತೆಯೇ.

ಆದರೆ ಆ ಲೆಕ್ಕ ಕಡಲ ಮಟ್ಟದ್ದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಮೆಯಾದ್ದರಿಂದ ಇಲ್ಲಿ ಬರಿಯ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ 115ಕ್ಕೆ ಬರುವ ಹದ ಇಲ್ಲಿ 112ರ ಆಸುಪಾಸಿನಲ್ಲಿಯೇ ಬಂದುಬಿಡುತ್ತದೆ. ನಾವು ಮೂರು ಡಿಗ್ರಿ ಹೆಚ್ಚು ಕಾದೆವು. ಅಷ್ಟರಲ್ಲಿ ಉಳಿಯಬೇಕಾದ ನೀರು ಹಾರಿಹೋಗಿತ್ತು.

ಇನ್ನು ತಣಿಯುವ ಸಂಗತಿ. ನೂರು ಗ್ರಾಂ ನೀರು 20 ಡಿಗ್ರಿಯಲ್ಲಿ ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಂಡರೆ, 100 ಡಿಗ್ರಿಯಲ್ಲಿ 480 ಗ್ರಾಮಿಗೂ ಮಿಗಿಲಾಗಿ ಕರಗಿಸಿಕೊಳ್ಳುತ್ತದೆ. ತಣಿದಾಗ ಹಿಡಿಸಲಾರದ ಸಕ್ಕರೆ ಹರಳುಗಟ್ಟುತ್ತದೆ. ಮಿಠಾಯಿ ಬಿಲ್ಲೆಯಾಗಿ ನಿಲ್ಲುವುದು ಇದರಿಂದಲೇ. ನೀರು ಅತಿ ಕಡಮೆಯಾದರೆ ಕಲ್ಲಾಗುವುದೂ ಇದರಿಂದಲೇ.

ತಾಯಿಯವರ ಕ್ರಮವೇ ಬೇರೆ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಪಾಕವನ್ನು ಬಿಟ್ಟು ಬೆರಳಿನಿಂದ ಉರುಟುತ್ತಾರೆ. ಮೆತ್ತನೆಯ ಉಂಡೆಯಾದರೆ ಹದ ಬಂತು. ಮದುವೆಯಾಗಿ ಮಂಗಳೂರಿನಿಂದ ಬೆಂಗಳೂರಿಗೆ ಬಂದ ಅವರು ಈ ಕ್ರಮವನ್ನು ಎಳ್ಳಷ್ಟೂ ಬದಲಿಸಬೇಕಾಗಲಿಲ್ಲ. ತಣ್ಣೀರಿಗೆ ಬಿದ್ದ ಹನಿಗೆ ಊರಿನ ಎತ್ತರದ ಹಂಗಿಲ್ಲ. ತನ್ನಲ್ಲಿ ಉಳಿದಿರುವ ನೀರೆಷ್ಟು, ಸಕ್ಕರೆಯೆಷ್ಟು ಎಂಬುದನ್ನು ಅದು ಬೆರಳಿಗೇ ನೇರವಾಗಿ ಹೇಳುತ್ತದೆ.

ಸಂಜೆ ಮತ್ತೆ ಒಲೆ ಹಚ್ಚಿದೆವು. ತಾಯಿಯವರು ದೂರದಲ್ಲಿ ಮಣೆಯ ಮೇಲೆ ಬಟ್ಟಲು ಹಿಡಿದು ಕುಳಿತರು. ನಾನು ಸೌಟಿನಿಂದ ಹನಿಯನ್ನು ತಂದು ಬಿಡುತ್ತಿದ್ದೆ. ಮೂರನೆಯ ಹನಿಯನ್ನು ಆ ನಡುಗುವ ಬೆರಳು ಉರುಟಿ ನೋಡಿತು.

“ಸಾಕು ಮಗಾ, ಇಳಿಸು.”

ಇಳಿಸುವ ಮುನ್ನ ಕದ್ದು ಉಷ್ಣಮಾಪಕವನ್ನು ನೋಡಿದೆ. 112 ಡಿಗ್ರಿ.