ಮದ್ದೂರಿನ ಮೇಜಿನ ಮೇಲಿರುವ ಪ್ರಿಂಟರ್‌ಗೆ ಹೊಣೆ ಯಾರು? ಸಹಕಾರ ಸಂಘಗಳ ನಿಬಂಧಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಿಬಂಧಕರಿಗೆ,

ನಾನು ಗುಂಡ್ಲುಪೇಟೆ ತಾಲ್ಲೂಕಿನ ಊರೂರು ಸುತ್ತಿ ಕಂಪ್ಯೂಟರ್, ಪ್ರಿಂಟರ್ ರಿಪೇರಿ ಮಾಡಿ ಬದುಕುವವನು. ಸಂಘಗಳ ಲೆಕ್ಕ ದೂರದ ಸರ್ವರ್‌ಗೆ ಹೋಗುತ್ತಿರುವುದಕ್ಕೆ ನನ್ನ ತಕರಾರಿಲ್ಲ. ಹಾರ್ಡ್‌ಡಿಸ್ಕ್ ಕೆಟ್ಟು ವರ್ಷಗಟ್ಟಲೆಯ ಲೆಕ್ಕ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ, ಸರ್ವರ್ ಒಳ್ಳೆಯದೇ. ಆದರೆ ಲೆಕ್ಕ ಅಲ್ಲಿಗೆ ಹೋದ ದಿನದಿಂದ ಇಲ್ಲಿ ಮೇಜಿನ ಮೇಲಿರುವ ಪ್ರಿಂಟರ್ ಯಾರ ಹೊಣೆಗೂ ಸೇರದೆ ಉಳಿದಿದೆ. ಆ ಹೊಣೆಯನ್ನು ಬರವಣಿಗೆಯಲ್ಲಿ ಒಬ್ಬರಿಗೆ ವಹಿಸಿಕೊಡಿ ಎಂದು ಕೇಳಲು ಈ ಪತ್ರ.

ಮದ್ದೂರು ನಿಮಗೆ ಗೊತ್ತಿರುತ್ತದೆ. ಮಂಡ್ಯದ್ದಲ್ಲ, ನಮ್ಮದು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರ ಕಾಡಿನೊಳಗೆ ಹೊಗುವ ಕಡೆ ಇದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇಲ್ಲಿ ವಾಹನ ಸಂಚಾರಕ್ಕೆ ತಡೆ. ಚೆಂಡುಹೂವು, ಅರಿಸಿನ, ಸಣ್ಣ ಈರುಳ್ಳಿ, ಟೊಮೆಟೊ ಬೆಳೆಯುವ ಜನ. ಹೊತ್ತು ಮುಳುಗಿದರೆ ಹೊಲದಂಚಿಗೆ ಆನೆ ಬರುತ್ತದೆ, ಕಾವಲಿಗೆ ಮಂಚಿಕೆ ಹತ್ತಬೇಕು. ಇಂಥ ಕಡೆಯ ರೈತನಿಗೆ ‘ನಾಳೆ ಬಾ’ ಅಂದರೆ ಒಂದು ದಿನದ ಕೂಲಿ ಹೋಯಿತು, ಒಂದು ರಾತ್ರಿಯ ನಿದ್ದೆಯೂ ಹೋಯಿತು.

ಮುಂಗಾರು ಶುರುವಾಗುವ ಹೊತ್ತಿನಲ್ಲಿ ಈ ಭಾಗದ ಒಂದು ಸಂಘದಿಂದ ಕರೆ ಬಂತು. ಸಂಘದ ಹೆಸರು ಇಲ್ಲಿ ಬೇಡ, ತಪ್ಪು ಅಲ್ಲಿನವರದಲ್ಲ. ಲೆಕ್ಕದ ತಂತ್ರಾಂಶ ನಗರದಲ್ಲೆಲ್ಲೋ ಇರುವ ವಿಂಡೋಸ್ ಸರ್ವರ್‌ನಲ್ಲಿ ಓಡುತ್ತದೆ. ಇಲ್ಲಿಯವರು ರಿಮೋಟ್ ಡೆಸ್ಕ್‌ಟಾಪ್ ಐಕಾನ್ ಒತ್ತಿ ಒಳಗೆ ಹೋಗುತ್ತಾರೆ. ಕಣ್ಣಿಗೆ ಕಾಣುವುದು ಪರದೆ ಮಾತ್ರ, ಕೆಲಸವೆಲ್ಲ ಅಲ್ಲಿ. ಪ್ರಿಂಟ್ ಒತ್ತಿದರೆ ಹಾಳೆ ಬರಬೇಕಾದದ್ದು ಮಾತ್ರ ಇಲ್ಲಿ. ಈ ಮರಳಿ ಬರುವ ದಾರಿಗೆ ಪ್ರಿಂಟರ್ ರೀಡೈರೆಕ್ಷನ್ ಅನ್ನುತ್ತಾರೆ. ಅವತ್ತು ಆ ದಾರಿ ಮುಚ್ಚಿತ್ತು. ಬ್ಯಾಂಕಿಗೆ ಕೊಡಲು ಬೇಬಾಕಿ ಪತ್ರ ಬೇಕೆಂದು ಒಬ್ಬ ಅಮ್ಮ ಬೆಳಗಿನಿಂದ ಬೆಂಚಿನ ಮೇಲೆ ಕೂತಿದ್ದರು. ಸಾಲ ಪೂರ್ತಿ ತೀರಿಸಿದ್ದಾರೆ, ಪರದೆಯಲ್ಲಿ ಬಾಕಿ ಸೊನ್ನೆ ಎಂದು ಕಾಣುತ್ತಿದೆ, ಕಾಗದ ಮಾತ್ರ ಇಲ್ಲ.

ಮೊದಲು ದೂರದ ಪರದೆಯನ್ನು ಕೆಳಗಿಳಿಸಿ ಇಲ್ಲಿನ ವಿಂಡೋಸ್‌ನಿಂದಲೇ ಟೆಸ್ಟ್ ಪೇಜ್ ಕೊಟ್ಟೆ. ಹಾಳೆ ಬಂತು. ಅಲ್ಲಿಗೆ ಪ್ರಿಂಟರ್, ಕೇಬಲ್, ಟೋನರ್, ಡ್ರೈವರ್ ಎಲ್ಲವೂ ಸರಿ ಎಂದಾಯಿತು. ಈ ಒಂದು ಪರೀಕ್ಷೆ ಗೊತ್ತಿಲ್ಲದೆ ಎಷ್ಟು ಕಡೆ ಹೊಸ ಕಾರ್ಟ್ರಿಡ್ಜ್ ಕೊಂಡು ದುಡ್ಡು ಹಾಳುಮಾಡಿದ್ದಾರೆ! ಮತ್ತೆ ಸರ್ವರ್‌ನೊಳಗೆ ಹೋಗಿ ಪ್ರಿಂಟರ್‌ಗಳ ಪಟ್ಟಿ ತೆರೆದರೆ ಪಿಡಿಎಫ್ ಮತ್ತು ಎಕ್ಸ್‌ಪಿಎಸ್ ಎಂಬ ಎರಡೇ ಹೆಸರು, ಸಂಘದ ಪ್ರಿಂಟರ್ ಇಲ್ಲ. ಹೊರಗೆ ಬಂದು ಐಕಾನ್ ಮೇಲೆ ಬಲ ಗುಂಡಿ ಒತ್ತಿ ಎಡಿಟ್ ತೆರೆದೆ. ಲೋಕಲ್ ರಿಸೋರ್ಸಸ್ ಎಂಬ ಪುಟದಲ್ಲಿ ಪ್ರಿಂಟರ್ಸ್ ಎದುರಿನ ಚೌಕ ಖಾಲಿ ಇತ್ತು. ಸರ್ವರ್ ಬದಲಾಯಿಸಿದಾಗ ಕಂಪನಿಯವರು ಹೊಸ ಐಕಾನ್ ಕಳಿಸಿದ್ದರು, ಅದರಲ್ಲಿ ಆ ಗುರುತು ಹಾಕಿರಲಿಲ್ಲ. ಗುರುತು ಹಾಕಿ, ಸೇವ್ ಮಾಡಿ, ಹಳೆಯ ಸೆಷನ್‌ನಿಂದ ಸೈನ್ ಔಟ್ ಆಗಿ ಮತ್ತೆ ಒಳಗೆ ಹೋದೆ. ಮೂಲೆಯ ಗುಣಿಸು ಚಿಹ್ನೆ ಒತ್ತಿದರೆ ಸಂಪರ್ಕ ಕಡಿಯುತ್ತದೆಯೇ ಹೊರತು ಸೆಷನ್ ಅಲ್ಲೇ ಜೀವಂತ ಇರುತ್ತದೆ, ಹಾಗಾಗಿ ಸೈನ್ ಔಟ್ ಆಗುವುದೇ ಒಳ್ಳೆಯದು. ಈ ಸಲ ಪ್ರಿಂಟರ್ ಹೆಸರು ಕಂಡಿತು. ಅದರ ಪಕ್ಕ ರೀಡೈರೆಕ್ಟೆಡ್ ಎಂಬ ಪದ, ಒಂದು ಸಂಖ್ಯೆ.

ಆ ಸಂಖ್ಯೆಯಲ್ಲೂ ಒಂದು ತೊಡಕಿದೆ. ಅದು ಸೆಷನ್‌ನ ಸಂಖ್ಯೆ, ಪ್ರತಿ ಸಲ ಒಳಗೆ ಹೋದಾಗ ಬದಲಾಗಬಹುದು. ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಹಳೆಯ ಸಂಖ್ಯೆಯ ಪ್ರಿಂಟರನ್ನೇ ಬರೆದಿಟ್ಟಿದ್ದರೆ, ಇವತ್ತು ಬಂದ ಹಾಳೆ ನಾಳೆ ಬರುವುದಿಲ್ಲ. ‘ಡೀಫಾಲ್ಟ್ ಪ್ರಿಂಟರ್’ ಎಂದು ಬದಲಾಯಿಸಿದ ಮೇಲೆ ಆ ಕಾಟ ತೀರಿತು. ಅಮ್ಮ ಪತ್ರ ಮಡಚಿ ಸೆರಗಿನಲ್ಲಿಟ್ಟುಕೊಂಡು ಬಸ್ಸಿಗೆ ಓಡಿದರು.

ಇಷ್ಟು ನಮ್ಮ ಕೈಯಲ್ಲಿದ್ದದ್ದು. ನಮ್ಮ ಕೈಯಲ್ಲಿಲ್ಲದ್ದು ಇದಕ್ಕಿಂತ ಹೆಚ್ಚು, ಅದಕ್ಕಾಗಿಯೇ ನಿಮಗೆ ಬರೆಯುತ್ತಿರುವುದು. ಸರ್ವರ್‌ನ ಗ್ರೂಪ್ ಪಾಲಿಸಿ ಎಂಬ ನಿಯಮಗಳಲ್ಲಿ ಹೊರಗಿನ ಕಂಪ್ಯೂಟರ್‌ಗಳ ಪ್ರಿಂಟರ್‌ಗೆ ಅನುಮತಿ ಇಲ್ಲ ಎಂದು ಯಾರಾದರೂ ಹಾಕಿಟ್ಟರೆ, ಮದ್ದೂರಿನಲ್ಲಿ ಎಷ್ಟು ಸಲ ಗುರುತು ಹಾಕಿದರೂ ಪ್ರಯೋಜನವಿಲ್ಲ. ಮುದ್ರಣದ ಸರದಿ ನೋಡಿಕೊಳ್ಳುವ ಅಲ್ಲಿನ ಪ್ರಿಂಟ್ ಸ್ಪೂಲರ್ ಸೇವೆ ನಿಂತಿದ್ದರೂ ಅಷ್ಟೇ. 2021ರ ಜುಲೈನಲ್ಲಿ ಈ ಸ್ಪೂಲರ್‌ನಲ್ಲೇ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾ ದೋಷ ಬಯಲಾದಾಗ ಜಗತ್ತಿನಾದ್ಯಂತ ಸರ್ವರ್ ನೋಡಿಕೊಳ್ಳುವವರು ಸ್ಪೂಲರ್ ನಿಲ್ಲಿಸಿದರು. ಅದು ಸರಿಯಾದ ಎಚ್ಚರವೇ. ಆಗಸ್ಟ್‌ನಲ್ಲಿ ಬಂದ ಅಪ್‌ಡೇಟ್‌ನಿಂದ ಆಡಳಿತಾಧಿಕಾರವಿಲ್ಲದವರು ಪ್ರಿಂಟರ್ ಡ್ರೈವರ್ ಹಾಕುವುದೂ ನಿಂತಿತು. ಪ್ರಿಂಟರ್‌ಗೆ ತಕ್ಕ ಡ್ರೈವರ್ ಸಿಗದಿದ್ದರೆ ಸರ್ವರ್‌ನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರ್‌ನಲ್ಲಿ 1111 ಎಂಬ ಸಂಖ್ಯೆಯಡಿ, ಇಂಥ ಡ್ರೈವರ್ ಗೊತ್ತಿಲ್ಲ, ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ ಎಂಬ ಸಾಲು ಬೀಳುತ್ತದೆ. ಕಾಯಿಲೆ ಇಂಥದ್ದೇ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಆದರೆ ಅದನ್ನು ಓದುವ ಅಧಿಕಾರ ಮದ್ದೂರಿನ ಆಪರೇಟರ್‌ಗೆ ಇಲ್ಲ. ಅಧಿಕಾರ ಇರುವವರು ಫೋನ್ ಎತ್ತಿದರೆ ‘ನಿಮ್ಮ ಪ್ರಿಂಟರೇ ಸರಿ ಇಲ್ಲ’ ಅನ್ನುತ್ತಾರೆ.

ಪರಿಹಾರ ಇಲ್ಲದ ಸಮಸ್ಯೆಯಲ್ಲ ಇದು. ವಿಂಡೋಸ್ ಸರ್ವರ್ 2008ರಿಂದಲೇ ಈಸಿ ಪ್ರಿಂಟ್ ಎಂಬ ಏರ್ಪಾಡು ಇದೆ. ಪ್ರತಿ ಊರಿನ ಪ್ರತಿ ಪ್ರಿಂಟರ್‌ನ ಡ್ರೈವರ್ ಸರ್ವರ್‌ನಲ್ಲಿ ಇರಬೇಕಿಲ್ಲ. ಪುಟ ಎಕ್ಸ್‌ಪಿಎಸ್ ರೂಪದಲ್ಲಿ, ಅಕ್ಷರವಿನ್ಯಾಸ ಸಮೇತ ಇಲ್ಲಿಗೆ ಬರುತ್ತದೆ, ಇಲ್ಲಿನ ಡ್ರೈವರ್ ಅದನ್ನು ಮುದ್ರಿಸುತ್ತದೆ. ಕನ್ನಡಕ್ಕೆ ಇದು ದೊಡ್ಡ ಅನುಕೂಲ. ಸರ್ವರ್‌ನಲ್ಲಿ ಒತ್ತಕ್ಷರ ಸರಿ ಕಂಡರೆ ಹಾಳೆಯಲ್ಲೂ ಸರಿ ಬರುತ್ತದೆ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಮಾತು ಬೇರೆ. ಗೊಬ್ಬರದ ಬಿಲ್ಲಿಗೆ, ಕಾರ್ಬನ್ ಪ್ರತಿ ಬೇಕಾದ ರಸೀದಿಗೆ ಈಗಲೂ ಅದೇ ಗತಿ. ನಮ್ಮ ಕಡೆ ಇರುವ ಇಂಥ ಪ್ರಿಂಟರ್‌ಗಳ ಒಳಗೆ ಇಂಗ್ಲಿಷ್ ಅಕ್ಷರ, ಅಂಕಿಗಳು ಮೊದಲೇ ಇರುತ್ತವೆ. ಅವು ಬಂದರೆ ಸರಸರನೆ ಹೊಡೆಯುತ್ತದೆ. ಕನ್ನಡ ಅಕ್ಷರ ಇರುವುದಿಲ್ಲವಾದ್ದರಿಂದ ಪ್ರತಿ ಸಾಲನ್ನೂ ಚಿತ್ರದಂತೆ ಚುಕ್ಕಿ ಚುಕ್ಕಿಯಾಗಿ ಬಿಡಿಸಬೇಕು. ಈಸಿ ಪ್ರಿಂಟ್‌ನಲ್ಲಿ ಅಂಕಿಗಳೂ ಚಿತ್ರವಾಗಿಯೇ ಬರುತ್ತವೆ. ಬಿತ್ತನೆ ಸಮಯದಲ್ಲಿ ಸಾಲು ನಿಂತಾಗ ಒಂದೊಂದು ಬಿಲ್ಲಿಗೂ ಕಾಯಬೇಕು, ರಿಬ್ಬನ್ ಬೇಗ ಸವೆಯುತ್ತದೆ. ಅರ್ಧ ಅಳತೆಯ ಹಾಳೆಯನ್ನು ಇಲ್ಲಿನ ಕಂಪ್ಯೂಟರ್‌ನಲ್ಲಿ ದಾಖಲಿಸಿರದಿದ್ದರೆ ಒಂದು ಬಿಲ್ಲು ಎರಡು ಹಾಳೆಗೆ ಹರಿದುಹೋಗುತ್ತದೆ. ಇಂಥ ಪ್ರಿಂಟರ್‌ಗೆ ಸರ್ವರ್‌ನಲ್ಲೇ ಅದರ ಸ್ವಂತ ಡ್ರೈವರ್ ಹಾಕಿಕೊಡುವುದು ಲೇಸು. ಅದೂ ಸರ್ವರ್ ನೋಡಿಕೊಳ್ಳುವವರ ಕೈಯಲ್ಲೇ ಇದೆ.

ಹಾಳೆ ಬರದಿದ್ದಾಗ ಜನ ಏನು ಮಾಡುತ್ತಾರೆ ಎಂಬುದು ನನಗೆ ಹೆಚ್ಚು ಆತಂಕದ ವಿಷಯ. ಪರದೆಯ ಫೋಟೊ ತೆಗೆದು ಪೇಟೆಯ ಜೆರಾಕ್ಸ್ ಅಂಗಡಿಗೆ ವಾಟ್ಸ್ಆ್ಯಪ್ ಮಾಡುತ್ತಾರೆ. ಸದಸ್ಯರ ಖಾತೆ ಸಂಖ್ಯೆ, ಸಾಲದ ವಿವರ, ಆಧಾರ್ ಸಂಖ್ಯೆ ಯಾರದೋ ಫೋನಿನಲ್ಲಿ ಕೂರುತ್ತವೆ. ಭದ್ರತೆಗೆಂದು ಪ್ರಿಂಟರ್ ದಾರಿ ಮುಚ್ಚಿದ ಕಡೆಯಲ್ಲೇ ಹೀಗಾಗುತ್ತಿದೆ. ಆಪರೇಟರನ್ನು ಬೈದು ಫಲವಿಲ್ಲ. ಎದುರಿಗೆ ನಿಂತ ಮನುಷ್ಯನನ್ನು ಬರಿಗೈಯಲ್ಲಿ ಕಳಿಸಲಾಗದೆ ಅವರು ಹಾಗೆ ಮಾಡುತ್ತಾರೆ.

ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಸಂಘ ಎಂದರೆ ಸದಸ್ಯನ ಲೆಕ್ಕ ಸದಸ್ಯನ ಊರಲ್ಲೇ ಸಿಗಬೇಕು ಎಂಬುದು ಅಂದಿನಿಂದ ಬಂದ ನಂಬಿಕೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಯೋಜನೆಯ ಹೊಸ ವ್ಯವಸ್ಥೆ ಬ್ರೌಸರ್‌ನಲ್ಲಿ ತೆರೆದರೂ, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ತೆರೆದರೂ ನನ್ನ ಕೋರಿಕೆ ಒಂದೇ. ಯಾವ ಕಂಪನಿಯ ತಂತ್ರಾಂಶವಾದರೂ ಒಪ್ಪಿಕೊಳ್ಳುವ ಮುನ್ನ ಕಾಡಂಚಿನ ಸಂಘದ ಹಳೆಯ ಪ್ರಿಂಟರ್‌ನಲ್ಲಿ, ಅಲ್ಲಿಯ ನೆಟ್‌ನಲ್ಲಿ, ಅಲ್ಲಿಯ ಅಳತೆಯ ಹಾಳೆಯ ಮೇಲೆ ಒಂದು ಬಿಲ್ಲು, ಒಂದು ಬೇಬಾಕಿ ಪತ್ರ ತೆಗೆಸಿ ನೋಡಿ. ಬಾರದಿದ್ದರೆ ಕೆಲಸ ಮುಗಿಯಿತೆಂದು ಸಹಿ ಹಾಕಬೇಡಿ.

ಸರ್ವರ್ ಬದಲಾಯಿಸಿದಾಗಲೂ ಇದೇ ಪರೀಕ್ಷೆ ನಡೆಯಲಿ. ಸರ್ವರ್‌ನ ಇವೆಂಟ್ ವ್ಯೂವರ್ ತೆರೆದು ನೋಡಿ ಕನ್ನಡದಲ್ಲಿ ಉತ್ತರ ಹೇಳಬಲ್ಲ ಒಬ್ಬರ ಫೋನ್ ನಂಬರ್ ಪ್ರತಿ ಸಂಘದ ಗೋಡೆಯ ಮೇಲಿರಲಿ. ನಾನು ಮೇಲೆ ಬರೆದ ಪರೀಕ್ಷೆಗಳನ್ನು ಅದೇ ಕ್ರಮದಲ್ಲಿ ಒಂದು ಪುಟದಲ್ಲಿ ಅಚ್ಚು ಹಾಕಿಸಿ ಪ್ರಿಂಟರ್ ಪಕ್ಕ ಅಂಟಿಸಲು ಹೇಳಿ. ಬೇಕಿದ್ದರೆ ಬರೆದುಕೊಡಲು ನಾನು ಸಿದ್ಧ. ಪರೀಕ್ಷೆಗೆ ಊರು ಹುಡುಕಬೇಕಿಲ್ಲ. ಮುಂದಿನ ಸಲ ಹೊಸ ಸರ್ವರ್ ಬಂದಾಗ ಮದ್ದೂರಿನಿಂದಲೇ ಮೊದಲು ಮಾಡಿಸಿ.

ತಮ್ಮ ವಿಶ್ವಾಸಿ,
ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ಕಂಪ್ಯೂಟರ್ ರಿಪೇರಿಯವನು