ಎತ್ತರದ ಕಾರೂ ತಗ್ಗಿನ ರಸ್ತೆಯೂ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಕಾಲಕ್ಕೆ ಪಂಪ ದೊಡ್ಡವನೋ ಕುಮಾರವ್ಯಾಸ ದೊಡ್ಡವನೋ ಎಂದು ಜಗಳವಾಗುತ್ತಿತ್ತು. ಈಗ ಜಗಳವಾಗುವುದು ಪಂಚ್ ಮೇಲೋ ಎಕ್ಸ್ಟರ್ ಮೇಲೋ ಎಂದು. ಇವೆರಡೂ ಕಾರುಗಳ ಹೆಸರೆಂದು ಅರಿಯದವರು ಈ ಪುರವಣಿಯ ಓದುಗರಲ್ಲಿ ಯಾರಾದರೂ ಇದ್ದರೆ ಅವರು ಪುಣ್ಯವಂತರು.

ಈ ಜಗಳಕ್ಕೆ ಇಳಿಯುವ ಉಮೇದು ನನಗಿರಲಿಲ್ಲ. ಹದಿನೆಂಟು ವರ್ಷದಿಂದ ಕನ್ನಡ ಪಾಠ ಹೇಳಿಕೊಂಡು, ವಿದ್ಯಾರಣ್ಯಪುರದ ಮನೆಯಿಂದ ಮಲ್ಲೇಶ್ವರದ ಕಡೆಯ ಕಾಲೇಜಿಗೆ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದವನು ನಾನು. ಆದರೆ ತಾಯಿಗೆ ಮಂಡಿನೋವು ಹೆಚ್ಚಿತು, ನನ್ನ ಬೆನ್ನೂ ತನ್ನ ವಯಸ್ಸನ್ನು ನೆನಪಿಸತೊಡಗಿತು. ಕಾರು ಕೊಳ್ಳತಕ್ಕದ್ದೆಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನವಾದ ಮೇಲೆ ನನಗೆ ತಿಳಿಸಿದರು. ಯಾವ ಕಾರು ಎಂದು ಕೇಳಿದ್ದಕ್ಕೆ ಮನೆಯವರು, ನೆರೆಯವರು, ಭೌತಶಾಸ್ತ್ರದವರು, ವಾಣಿಜ್ಯಶಾಸ್ತ್ರದವರು ಎಲ್ಲರೂ ಒಂದೇ ಕಂಠದಿಂದ ಹೇಳಿದ ಉತ್ತರ: ‘ಚಿಕ್ಕದೊಂದು ಎಸ್.ಯು.ವಿ. ತೆಗೆದುಕೊಂಡುಬಿಡಿ.’

ಇಷ್ಟು ಜನ ವಿದ್ಯಾವಂತರು ಒಮ್ಮತಕ್ಕೆ ಬಂದಾಗ ಸಂಶಯಪಡಬೇಕಾದ್ದು ಮೇಷ್ಟರ ಧರ್ಮ. ನನ್ನ ಸಂಶಯದ ಫಲವನ್ನು ಮೊದಲೇ ಹೇಳಿಬಿಡುತ್ತೇನೆ. ದಿನವೂ ಕೆಲಸಕ್ಕೆ ಹೋಗಿಬರುವ ಮಧ್ಯಮವರ್ಗದ ಮನುಷ್ಯನಿಗೆ ‘ಕಡಮೆ ಬೆಲೆಯ ಎಸ್.ಯು.ವಿ.’ ಎಂಬ ಪದಾರ್ಥ ಬೇಕಾಗಿಲ್ಲ. ಅದು ಬೇಕೆಂಬ ಭ್ರಮೆ ಹುಟ್ಟಿಸಿರುವುದು ನಮ್ಮ ಕೆಟ್ಟ ರಸ್ತೆ. ಆ ರಸ್ತೆ ಕೆಟ್ಟದ್ದಾಗಿಯೇ ಉಳಿಯುವುದಕ್ಕೆ ಈ ಕಾರೂ ತನ್ನ ಕೈಲಾದ ಸಹಾಯ ಮಾಡುತ್ತಿದೆ.

ಮೊದಲು ಹೆಸರನ್ನು ನೋಡೋಣ. ಕನ್ನಡದ ಮೇಷ್ಟರಿಗೆ ಹೆಸರು ಕಂಡರೆ ಬಿಡಲಾಗುವುದಿಲ್ಲ. ‘ಸಬ್‌ಕಾಂಪ್ಯಾಕ್ಟ್ ಸ್ಪೋರ್ಟ್ ಯುಟಿಲಿಟಿ ವೆಹಿಕಲ್’ ಎಂಬುದನ್ನು ಕನ್ನಡಿಸಿರೆಂದು ತರಗತಿಯಲ್ಲಿ ಕೇಳಿದೆ. ಒಬ್ಬ ಹುಡುಗ ‘ಕಿರಿದಿಗಿಂತ ಕಿರಿದಾದ ಕ್ರೀಡೋಪಯೋಗಿ ವಾಹನ’ ಎಂದ. ಹಿಂದಿನ ಬೆಂಚಿನವನೊಬ್ಬ ‘ಚಿಕ್ಕ ದೊಡ್ಡ ಕಾರು’ ಎಂದ. ವಿರೋಧಾಭಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿಯೂ ಇರಲಿಲ್ಲ. ಇರಲಿ, ಇದರಲ್ಲಿ ಕ್ರೀಡೆ ಯಾವುದು? ಬೆಳಿಗ್ಗೆ ಒಂಬತ್ತಕ್ಕೆ ಬಿ.ಇ.ಎಲ್. ವೃತ್ತದಲ್ಲಿ ಮೊದಲನೆಯ ಗೇರಿನಲ್ಲಿ ತೆವಳುವುದೇ?

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತಷ್ಟೆ. ಆ ಜೀಪಿನ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುತ್ತಿತ್ತು. ಮಳೆಗಾಲದಲ್ಲಿ ಮಲೆನಾಡಿನ ತೋಟದ ದಾರಿಯ ಕೆಸರನ್ನು ಸೀಳಿಕೊಂಡು, ಮೂಟೆ ಹೇರಿಕೊಂಡು ಜೀಪು ಏರುವುದನ್ನು ಕಂಡವರಿಗೆ ‘ಯುಟಿಲಿಟಿ’ ಎಂಬ ಮಾತಿನ ಅರ್ಥ ನಿಘಂಟಿನ ಸಹಾಯವಿಲ್ಲದೆ ತಿಳಿಯುತ್ತದೆ. ಈಗ ನಮ್ಮ ಮುಂದೆ ನಿಂತಿರುವ ಪಂಚ್, ಎಕ್ಸ್ಟರ್, ಫ್ರಾಂಕ್ಸ್, ಮ್ಯಾಗ್ನೈಟ್—ಇವುಗಳಲ್ಲಿ ಒಂದಕ್ಕಾದರೂ ನಾಲ್ಕು ಚಕ್ರದ ಚಾಲನೆ ಇಲ್ಲ. ಮುಂದಿನ ಎರಡು ಚಕ್ರ ಎಳೆಯುತ್ತವೆ, ಹಿಂದಿನ ಎರಡು ಅನುಸರಿಸುತ್ತವೆ. ಯಾವ ಸಾಮಾನ್ಯ ಕಾರಿನಲ್ಲೂ ಹಾಗೆಯೆ. ವಿನೋದವೇನೆಂದರೆ, ಹೆಸರಿಗೆ ತಕ್ಕ ನಾಲ್ಕು ಚಕ್ರದ ಚಾಲನೆಯಿರುವ ಮಾರುತಿ ಜಿಮ್ನಿಯೂ ನಾಲ್ಕು ಮೀಟರಿನ ಒಳಗೇ ಇದೆ. ಆದರೆ ಅದರ ಪೆಟ್ರೋಲ್ ಎಂಜಿನ್ 1462 ಸಿ.ಸಿ.ಯದಾದ್ದರಿಂದ ಅದಕ್ಕೆ ಸಣ್ಣ ಕಾರಿನ ತೆರಿಗೆಯ ರಿಯಾಯಿತಿ ಇಲ್ಲ. ನಿಜವಾದದ್ದಕ್ಕೆ ದಂಡ, ವೇಷಕ್ಕೆ ಬಹುಮಾನ!

ಈ ರಿಯಾಯಿತಿಯ ಕಥೆಯನ್ನು ತಿಳಿದುಕೊಳ್ಳಬೇಕು. ಏಕೆಂದರೆ ಈ ಜಾತಿಯ ಕಾರು ಎಂಜಿನಿಯರನ ನಕ್ಷೆಯಲ್ಲಿ ಹುಟ್ಟುವ ಮೊದಲು ಸುಂಕದ ಪಟ್ಟಿಯಲ್ಲಿ ಹುಟ್ಟಿತು. 2006ರ ಕೇಂದ್ರ ಮುಂಗಡಪತ್ರದಲ್ಲಿ ಅರ್ಥಸಚಿವ ಚಿದಂಬರಂ ಅವರು ಸಣ್ಣ ಕಾರಿನ ಉತ್ಪಾದನಾ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಸಣ್ಣದು ಎಂದರೆ ಎಷ್ಟು? ಉದ್ದ ನಾಲ್ಕು ಮೀಟರು ಮೀರಬಾರದು. ಎಂಜಿನ್ ಪೆಟ್ರೋಲಿನದಾದರೆ 1200 ಸಿ.ಸಿ., ಡೀಸಲಿನದಾದರೆ 1500 ಸಿ.ಸಿ. ಮೀರಬಾರದು. ಉದ್ದೇಶ ಒಳ್ಳೆಯದೇ. ಬಡವನಿಗೂ ಒಂದು ಪುಟ್ಟ ಕಾರು ದಕ್ಕಲಿ ಎಂಬುದು. ಆದರೆ ಗೆರೆ ಎಳೆದಲ್ಲೆಲ್ಲ ಗೆರೆಯ ಈಚೆಗೆ ಒಂದು ಕೂದಲೆಳೆಯಷ್ಟು ಸರಿದು ನಿಲ್ಲುವವರು ಹುಟ್ಟುತ್ತಾರೆ. 2008ರಲ್ಲಿ ಟಾಟಾದವರು ಇಂಡಿಗೊ ಕಾರಿನ ಬಾಲ ಕತ್ತರಿಸಿ ಗೆರೆಯೊಳಕ್ಕೆ ತಂದರು. 2013ರಲ್ಲಿ ಫೋರ್ಡ್ ಎಕೊಸ್ಪೋರ್ಟ್ ಬಂತು, 2016ರಲ್ಲಿ ಮಾರುತಿ ಬ್ರೆಜ್ಜಾ ಬಂತು. ಶಾಸನ ಉದ್ದವನ್ನು ಅಳೆಯಿತು, ಎತ್ತರವನ್ನು ಅಳೆಯಲಿಲ್ಲ. ಆದ್ದರಿಂದ ಕಾರು ಮೇಲಕ್ಕೆ ಬೆಳೆಯಿತು. 2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆ ಬದಲಾದ ಮೇಲೂ ಗೆರೆ ಅಲ್ಲಿಯೇ ಇದೆ: ಈಚೆಗೆ ಶೇ. 18, ಆಚೆಗೆ ಶೇ. 40.

ಇನ್ನು ವಸ್ತುವನ್ನೇ ನೋಡೋಣ. ಟಾಟಾ ಪಂಚ್ 2021ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂತು. 2024ರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿ ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರೆನಿಸಿತು. ಅದರ ಪೆಟ್ರೋಲ್ ಎಂಜಿನ್ 1199 ಸಿ.ಸಿ.ಯ, ಮೂರು ಸಿಲಿಂಡರಿನದು. ಅದೇ ಸಂಸ್ಥೆಯ ಟಿಯಾಗೊ ಎಂಬ ತಗ್ಗಿನ ಕಾರಿನಲ್ಲಿರುವುದೂ 1199 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನೇ. ನೆಲದಿಂದ ಹೊಟ್ಟೆಗಿರುವ ಅಂತರ ಪಂಚ್‌ಗೆ 187 ಮಿಲಿಮೀಟರು, ಟಿಯಾಗೊವಿಗೆ 170. ವ್ಯತ್ಯಾಸ ಹದಿನೇಳು ಮಿಲಿಮೀಟರು. ನನ್ನ ಹೆಬ್ಬೆರಳನ್ನು ಅಡ್ಡ ಇಟ್ಟು ಅಳೆದು ನೋಡಿದೆ; ಒಂದು ಹೆಬ್ಬೆರಳಿನಗಲವೂ ಪೂರ್ತಿ ಆಗುವುದಿಲ್ಲ. ಆರಂಭದ ಬೆಲೆಯಲ್ಲಿ ಇವೆರಡಕ್ಕೂ ಸುಮಾರು ಒಂದು ಲಕ್ಷ ರೂಪಾಯಿ ಅಂತರ. ಆ ಲಕ್ಷದ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ, ವಿಮೆ, ಸಾಲ ಮಾಡಿದವರಿಗೆ ಐದೋ ಏಳೋ ವರ್ಷದ ಬಡ್ಡಿ. ಏಕಲವ್ಯ ಹೆಬ್ಬೆರಳು ಕೊಟ್ಟು ಕೆಟ್ಟ; ನಾವು ಹೆಬ್ಬೆರಳು ಕೊಂಡು ಕೆಡುತ್ತಿದ್ದೇವೆ.

ಲಕ್ಷ ರೂಪಾಯಿಗೆ ಬರಿಯ ಹೆಬ್ಬೆರಳು ಮಾತ್ರ ಸಿಗುತ್ತದೆಂದರೆ ಅನ್ಯಾಯವಾದೀತು. ಕೂರುವ ಪೀಠ ಎತ್ತರ, ಮೈಯಗಲ ಹೆಚ್ಚು, ಸಾಮಾನಿಗೆ ಹೆಚ್ಚು ಜಾಗ. ಆದರೆ ಅಗಲ ಹೆಚ್ಚೆಂಬುದು ನಮ್ಮ ಬೀದಿಯಲ್ಲಿ ಗುಣವೋ ದೋಷವೋ ಎಂದು ಕಾರು ನಿಲ್ಲಿಸಲು ಜಾಗ ಹುಡುಕಿದವರನ್ನು ಕೇಳಬೇಕು. ಹ್ಯುಂಡೈ ಎಕ್ಸ್ಟರಿನ ಕಥೆಯೂ ಇದೇ: ಅದು ಅದೇ ಮನೆಯ ಐ10 ನಿಯೋಸ್‌ನ ಒಡಹುಟ್ಟು. ಮಾರುತಿ ಫ್ರಾಂಕ್ಸ್ ಎಂಬುದು ಬಲೆನೊ ಕಾರಿನ ತಳಹದಿಯ ಮೇಲೆ ಎದ್ದದ್ದು. ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸುವುದು ನಮ್ಮ ಮನೆಗಳಲ್ಲಿ ರೂಢಿ. ಆದರೆ ಅದಕ್ಕೆ ನಾವು ಹೆಚ್ಚಿನ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ಎತ್ತರದ ಕಾರು ಅಪಘಾತದಲ್ಲಿ ಗಟ್ಟಿ ಎಂಬ ಮಾತನ್ನು ವಾಣಿಜ್ಯಶಾಸ್ತ್ರದ ಮಿತ್ರರು ಬಲವಾಗಿ ಮಂಡಿಸಿದರು. ಪಂಚ್‌ಗೆ 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಬಂದದ್ದು ನಿಜ, ಅದನ್ನು ಮೆಚ್ಚಲೇಬೇಕು. ಆದರೆ ಅದೇ ಸಂಸ್ಥೆಯ ಆಲ್ಟ್ರೋಜ್ ಎಂಬ ತಗ್ಗಿನ ಕಾರಿಗೆ ಅದೇ ಐದು ನಕ್ಷತ್ರ 2020ರಲ್ಲಿಯೇ ಬಂದಿತ್ತು. ಪ್ರಾಣ ಉಳಿಸುವುದು ಉಕ್ಕಿನ ಕಟ್ಟೋಣ, ಗಾಳಿಚೀಲ, ನಡುಪಟ್ಟಿ. ಹೊಟ್ಟೆಯ ಎತ್ತರವಲ್ಲ.

ಕಾರಿನ ಅಂಗಡಿಯವರು ಪರೀಕ್ಷೆಗೆಂದು ಸವಾರಿ ಮಾಡಿಸಿದರು. ಅಂಗಡಿಯ ಹೆಸರು ಬೇಡ. ಎಲ್ಲ ಅಂಗಡಿಗಳೂ ಅಷ್ಟೆ. ಮಧ್ಯಾಹ್ನ ಮೂರು ಗಂಟೆಗೆ, ಹೊಸದಾಗಿ ಡಾಂಬರು ಹಾಕಿದ ಮುಖ್ಯರಸ್ತೆಯಲ್ಲಿ, ತಣ್ಣನೆಯ ಗಾಳಿ ಹಾಕಿಕೊಂಡು, ಹಾಡು ಕೇಳಿಸಿಕೊಂಡು, ಐದು ನಿಮಿಷ. ‘ಬೆಳಿಗ್ಗೆ ಎಂಟೂವರೆಗೆ ನಮ್ಮ ಮನೆಯ ದಾರಿಯಲ್ಲಿ ಓಡಿಸಿ ನೋಡಬಹುದೆ?’ ಎಂದು ಕೇಳಿದೆ. ಮಾರುವ ಹುಡುಗ ನನ್ನನ್ನು ಅನುಕಂಪದಿಂದ ನೋಡಿದ. ‘ಸಾರ್, ಇದರಲ್ಲಿ ನೀವು ಚಿಕ್ಕಮಗಳೂರಿಗೆ ಹೋಗಬಹುದು’ ಎಂದ. ನಾನು ಚಿಕ್ಕಮಗಳೂರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ, ಅದೂ ಬಸ್ಸಿನಲ್ಲಿ. ಮತ್ತಿಕೆರೆ, ಯಶವಂತಪುರ ದಾಟಿಕೊಂಡು ಕಾಲೇಜಿಗೆ ಹೋಗುವುದು ವರ್ಷಕ್ಕೆ ಇನ್ನೂರು ದಿನ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಂತೆ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರು ಸಾಗಲು ಸರಾಸರಿ ಮೂವತ್ತನಾಲ್ಕು ನಿಮಿಷ ಬೇಕು. ಗಂಟೆಗೆ ಹದಿನೆಂಟು ಕಿಲೋಮೀಟರೂ ಆಗಲಿಲ್ಲ. ಉತ್ಸಾಹವಂತನಾದ ಸೈಕಲ್ಲಿನವನು ನಮ್ಮನ್ನು ಹಿಂದೆ ಹಾಕಿಯಾನು. ಈ ವೇಗದಲ್ಲಿ ಕಾರನ್ನು ಪರೀಕ್ಷಿಸುವವನು ನೋಡಬೇಕಾದದ್ದು ಕ್ಲಚ್ಚು ಎಡಗಾಲನ್ನು ಎಷ್ಟು ದಣಿಸುತ್ತದೆ, ಹಿಂದಿನ ಗಾಜಿನಿಂದ ಎಷ್ಟು ಕಾಣುತ್ತದೆ, ಓಣಿಯಲ್ಲಿ ಒಂದೇ ಸಲಕ್ಕೆ ತಿರುಗುತ್ತದೆಯೆ, ನಿಂತಲ್ಲಿ ಎಂಜಿನ್ ಎಷ್ಟು ನಡುಗುತ್ತದೆ, ಮುಂದಿನ ಮೂತಿಯ ಕೆಳಗೆ ಮಗುವೊಂದು ನಿಂತರೆ ಕಾಣುತ್ತದೆಯೆ ಎಂಬುದನ್ನು. ಇವುಗಳಲ್ಲಿ ಒಂದನ್ನೂ ಆ ಐದು ನಿಮಿಷದಲ್ಲಿ ಯಾರೂ ತೋರಿಸಲಿಲ್ಲ. ಛಾವಣಿಯಲ್ಲಿ ಆಕಾಶ ಕಾಣುವ ಕಿಟಕಿಯನ್ನು ತೋರಿಸಿದರು.

ಬಸ್ಸಿನಲ್ಲಿ ಹೋಗಿ, ಮೆಟ್ರೊದಲ್ಲಿ ಹೋಗಿ ಎಂದು ಬುದ್ಧಿ ಹೇಳುವವರಿದ್ದಾರೆ. ಅವರ ಮಾತು ಸರಿ, ನನ್ನ ಮಟ್ಟಿಗೆ ಅದನ್ನು ಪಾಲಿಸುವುದಕ್ಕೂ ಸಿದ್ಧ. ಆದರೆ ತಾಯಿಯ ಮಂಡಿ ಬಸ್ಸಿನ ಮೆಟ್ಟಿಲನ್ನು ಒಪ್ಪುವುದಿಲ್ಲ.

ಈ ತಾಯಿಯ ವಿಚಾರದಲ್ಲಿಯೇ ನನ್ನ ವಾದ ಸೋಲುವುದರಲ್ಲಿತ್ತು. ಅಂಗಡಿಯಲ್ಲಿ ಅವರನ್ನು ಎರಡು ಬಗೆಯ ಕಾರಿನಲ್ಲೂ ಕೂರಿಸಿ ನೋಡಿದೆವು. ತಗ್ಗಿನ ಕಾರಿನಿಂದ ಏಳಲು ನಾನು ಕೈಕೊಡಬೇಕಾಯಿತು. ಎತ್ತರದ ಕಾರಿನಿಂದ ಅವರೇ ಇಳಿದು ಸೆರಗು ಸರಿಮಾಡಿಕೊಂಡು ನಿಂತರು. ಸುಂಕದ ಪಟ್ಟಿ, ಹದಿನೇಳು ಮಿಲಿಮೀಟರು, ಎಲ್ಲ ನನ್ನ ಬಾಯಲ್ಲೇ ಉಳಿಯಿತು. ಮುಪ್ಪಿನವರು ದಿನವೂ ಓಡಾಡಬೇಕಾದ ಮನೆಗಳಿಗೆ ಈ ಎತ್ತರ ಉಪಕಾರಿ. ಅಂಥವರು ಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ನಮ್ಮ ತಾಯಿ ಹೊರಗೆ ಹೋಗುವುದು ತಿಂಗಳಿಗೆ ಎರಡು ಸಲ, ಒಮ್ಮೆ ವೈದ್ಯರಲ್ಲಿಗೆ, ಒಮ್ಮೆ ತಂಗಿಯ ಮನೆಗೆ. ಉಳಿದ ದಿನಗಳಲ್ಲಿ ಆ ಐದು ಜನರ ಎತ್ತರದ ರಥದೊಳಗೆ ಹೋಗುವುದು ಒಬ್ಬ ಮೇಷ್ಟರು ಮತ್ತು ಒಂದು ಊಟದ ಡಬ್ಬಿ. ಕೊನೆಗೆ ದಾರಿ ತೋರಿಸಿದವರೂ ಅವರೇ. ‘ಅದೆಷ್ಟು ಲೆಕ್ಕ ಹಾಕುತ್ತೀಯೋ! ಸೀಟಿನ ಮೇಲೆ ಒಂದು ಗಟ್ಟಿ ದಿಂಬು ಹಾಕಿದರಾಯಿತು’ ಎಂದರು. ಹಾಗೆಯೇ ಮಾಡಿದೆವು. ತಗ್ಗಿನ ಕಾರು ಬಂತು, ನಾಲ್ಕು ಬೆರಳಿನ ದಿಂಬು ಬಂತು.

ಆದರೂ ಅಧ್ಯಾಪಕರ ಕೊಠಡಿಯಲ್ಲಿ ಒಂದು ಪ್ರಶ್ನೆ ಉಳಿದೇ ಇತ್ತು: ‘ಹಂಪು ಬಂದರೆ ಏನು ಮಾಡುತ್ತೀರಿ? ಹೊಂಡ ಬಂದರೆ?’

ಹಂಪಿಗೂ ಒಂದು ಶಾಸ್ತ್ರವಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿಯೇ ಬರೆದಿಟ್ಟಿದೆ: ಎತ್ತರ ಹತ್ತು ಸೆಂಟಿಮೀಟರು, ಅಗಲ 3.7 ಮೀಟರು, ಹದಿನೇಳು ಮೀಟರ್ ತ್ರಿಜ್ಯದ ಕಮಾನು. ಹೀಗೆ ಕಟ್ಟಿದ ಹಂಪನ್ನು 170 ಮಿಲಿಮೀಟರಿನ ಯಾವ ಕಾರಾದರೂ ನಮಸ್ಕಾರ ಹೇಳಿ ದಾಟುತ್ತದೆ. ನಮ್ಮ ಬೀದಿಯಲ್ಲಿರುವುದು ಯಾರೋ ರಾತ್ರೋರಾತ್ರಿ ಮಣ್ಣು, ಜಲ್ಲಿ, ಡಾಂಬರು ಸುರಿದು ಎಬ್ಬಿಸಿದ ಗುಡ್ಡ. ಅಂದಮೇಲೆ ದೋಷ ಯಾರದು? ತಗ್ಗಾಗಿರುವ ಕಾರಿನದೋ, ಶಾಸ್ತ್ರ ಮೀರಿ ಎದ್ದಿರುವ ಗುಡ್ಡದ್ದೋ? 1983ರಲ್ಲಿ ಮಾರುತಿ 800 ಬಂದಾಗ ನಮ್ಮ ಹಿರಿಯರು ಆ ಪುಟ್ಟ ಡಬ್ಬಿಯಲ್ಲಿ ಐದು ಜನ ಕೂತು ಚಾರ್ಮಾಡಿ ಘಟ್ಟ ಇಳಿದು ಧರ್ಮಸ್ಥಳಕ್ಕೆ ಹೋಗಿಬಂದರು. ಹೊಟ್ಟೆ ತಗಲಿದರೆ ರಸ್ತೆಯವರನ್ನು ಬೈದರು. ನಾವು ಬೈಯುವುದನ್ನು ಬಿಟ್ಟು ಕಾರು ಬದಲಾಯಿಸುತ್ತೇವೆ. ಕುಡಿಯುವ ನೀರು ಕೆಟ್ಟಾಗ ಮನೆಗೊಂದು ಶುದ್ಧಿಯಂತ್ರ ತಂದೆವು; ಕರೆಂಟು ಹೋದಾಗ ಮನೆಗೊಂದು ಬ್ಯಾಟರಿ ತಂದೆವು; ರಸ್ತೆ ಕೆಟ್ಟಾಗ ಮನೆಗೊಂದು ಎತ್ತರದ ಕಾರು. ಊರಿನ ಕೊರತೆಯನ್ನು ನಮ್ಮ ನಮ್ಮ ಗೇಟಿನೊಳಗೆ ನೀಗಿಸಿಕೊಳ್ಳುವ ಚಾತುರ್ಯ ನಮ್ಮ ವರ್ಗಕ್ಕೆ ಚೆನ್ನಾಗಿ ಒಲಿದಿದೆ. ದೂರು ಬರೆಯಲು ಬರುವವರು, ಕಛೇರಿಯ ಮೆಟ್ಟಿಲು ಹತ್ತಿದರೆ ಕುರ್ಚಿ ಸಿಗುವವರು ನಾವೇ. ನಮ್ಮ ಬೆನ್ನಿಗೆ ಹೊಂಡದ ಪೆಟ್ಟು ತಟ್ಟದಂತಾದ ಮೇಲೆ ಆ ದೂರು ಬರೆಯುವವರು ಯಾರು?

ನಮ್ಮ ಅಡ್ಡರಸ್ತೆ ಮುಖ್ಯರಸ್ತೆಯನ್ನು ಸೇರುವಲ್ಲಿ ನೀರಿನ ಕೊಳವೆಗೆಂದು ಅಗೆದು, ಮುಚ್ಚಿದಂತೆ ಮಾಡಿ ಹೋದ ಒಂದು ಹೊಂಡವಿದೆ. ಮಳೆ ಬಂದರೆ ತುಂಬಿ ರಸ್ತೆಯಂತೆಯೇ ಕಾಣುತ್ತದೆ. ಕಳೆದ ಮಳೆಗಾಲದ ಒಂದು ಸಂಜೆ, ಊಟದ ಪೊಟ್ಟಣ ಹೊತ್ತು ಸ್ಕೂಟರಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಅದರಲ್ಲಿ ಬಿದ್ದ. ನಾವೆಲ್ಲ ಎತ್ತಿ ಕೂರಿಸಿದೆವು. ಮಣಿಕಟ್ಟು ಊದಿಕೊಂಡಿತ್ತು, ಮೂಳೆ ಮುರಿದಿದೆಯೆಂದು ಆಮೇಲೆ ತಿಳಿಯಿತು. ತಲುಪಿಸಬೇಕಾಗಿದ್ದ ಪೊಟ್ಟಣ ಒಡೆದುಹೋಯಿತಲ್ಲ ಎಂಬುದೇ ಅವನಿಗೆ ಕೈನೋವಿಗಿಂತ ದೊಡ್ಡ ಚಿಂತೆಯಾಗಿದ್ದಂತೆ ಕಂಡಿತು.

ಮರುದಿನ ನಾನು ಸಂಬಂಧಪಟ್ಟ ಕಛೇರಿಗೆ ಒಂದು ಮನವಿ ಬರೆದು, ಸಹಿಗಾಗಿ ಮನೆಮನೆಗೆ ಹೋದೆ. ಸ್ಕೂಟರಿನವರು ಓದದೆಯೇ ಸಹಿ ಹಾಕಿದರು. ನಾಲ್ಕನೆಯ ಮನೆಯವರು ನನ್ನ ಬಹುಕಾಲದ ಮಿತ್ರರು, ಸಜ್ಜನರು. ಆರು ತಿಂಗಳ ಹಿಂದೆ ಹೊಸ ಎತ್ತರದ ಕಾರು ಕೊಂಡು ನನಗೂ ಅದನ್ನೇ ಕೊಳ್ಳುವಂತೆ ಹೇಳಿದ್ದವರು. ಕಾಗದವನ್ನು ಓದಿ, ಕನ್ನಡಕ ತೆಗೆದು, ನಿಜವಾಗಿಯೂ ಆಶ್ಚರ್ಯದಿಂದ ಕೇಳಿದರು: ‘ಯಾವ ಹೊಂಡ, ಮೇಷ್ಟ್ರೇ?’